ಕಡಲಿಗಿಳಿದ ಹೆಬ್ಬಲಸು

ನನ್ನ ಅಮ್ಮನ ತವರು ಮಾಕುಟ್ಟದ ಘಾಟಿ ಇಳಿದು ಇನ್ನೂ ಕೆಳಗೆ ಹೋದರೆ ಗಡಿಯಾಚೆ ಸಿಗುವ ಕಡಲತೀರದ ಊರು. ಮೀನು ಹಿಡಿಯುವವರ ಮನೆ. ಲಾರಿ ಓಡಿಸುತ್ತಿದ್ದ ಅಪ್ಪನನ್ನು ಮದುವೆಯಾಗಿ ಘಾಟಿಯ ಮೇಲಿನ ನೆಲ್ಯಹುದಿಕೇರಿಗೆ ಬಂದು ಎಷ್ಟು ಕಾಲವಾದರೂ ಅವಳು ಹೊಳೆಮೀನನ್ನು ಬಾಯಿಗಿಟ್ಟವಳಲ್ಲ. ‘ಬರೀ ಮಣ್ಣು ವಾಸನೆ’ ಅನ್ನುತ್ತಾಳೆ.

ಅಪ್ಪ ತೀರಿಕೊಂಡ ಮರುವರ್ಷ ಮಾವನ ದೋಣಿ ಬಂಡೆಗೆ ಬಡಿದು ಪಕ್ಕ ಸೀಳಿತು. ಮಾವ ಎಂದರೆ ಅಮ್ಮನ ತಮ್ಮ. ನಾವಿಬ್ಬರೂ ನೋಡಲು ಹೋದಾಗ ಅವನು ಜಗಲಿಯಲ್ಲಿ ಸುಮ್ಮನೆ ಕೂತಿದ್ದ. ದೋಣಿ ತೆಂಗಿನ ಮರದ ಕೆಳಗೆ ಮಗುಚಿಕೊಂಡಿತ್ತು. ತೀರದಲ್ಲಿ ಉಳಿದವೆಲ್ಲ ಫೈಬರ್ ದೋಣಿಗಳು.

ದೋಣಿ ಕಟ್ಟುವ ಆಚಾರಿ ಬಂದು, ತಳ ಬಡಿದು ನೋಡಿದ. “ತಳ ಗಟ್ಟಿ ಇದೆ. ಪಕ್ಕದ ಹಲಗೆ ಮಾತ್ರ ಹೊಸದು ಬೇಕು. ಆದರೆ ಅಷ್ಟುದ್ದದ ಅಯಿನಿ ಮರ ಈಗ ಈ ಕಡೆ ಎಲ್ಲಿದೆ?”

“ಬಿಡು ಚೇಚಿ,” ಎಂದ ಮಾವ ತನ್ನ ಅಕ್ಕನಿಗೆ. “ಸೌದೆಗೆ ಕೊಟ್ಟುಬಿಡ್ತೇನೆ. ಯಾರದಾದರೂ ದೋಣಿಗೆ ಕೂಲಿಗೆ ಹೋದರಾಯಿತು.”

ಅಮ್ಮ ನನ್ನತ್ತ ತಿರುಗಿ ಕನ್ನಡದಲ್ಲಿ ಕೇಳಿದಳು: “ಅಯಿನಿ ಅಂದ್ರೆ ನಮ್ಮಲ್ಲಿ ಹೆಬ್ಬಲಸು ಅಂತಾರಲ್ಲ, ಅದೇ ಅಲ್ವಾ?”

ಅದೇ. ತಿತಿಮತಿಯ ಹತ್ತಿರ ನಾನು ಲೆಕ್ಕ ಬರೆಯುವ ರೈಟರ್ ಆಗಿದ್ದ ಎಸ್ಟೇಟಿನಲ್ಲಿ ಗಾಳಿಗೆ ಬಿದ್ದ ದೊಡ್ಡ ಹೆಬ್ಬಲಸೊಂದು ಕಾಫಿ ಗಿಡಗಳ ಮೇಲೆ ಒರಗಿತ್ತು. ಅದನ್ನು ಹೇಳಿದ್ದೇ ತಡ, ಅಮ್ಮ ಎದ್ದು ನಿಂತಳು. “ದೋಣಿ ಸೌದೆಗೆ ಕೊಡಬೇಡ. ಮರ ತರ್ತೇನೆ,” ಎಂದು ತಮ್ಮನಿಗೆ ಹೇಳಿಯೇಬಿಟ್ಟಳು. ಮರ ನನ್ನದಲ್ಲವಲ್ಲ!

ಮಾರನೇ ವಾರವೇ ಅವಳು ನನ್ನ ಜೊತೆ ಬಸ್ಸು ಹತ್ತಿದಳು. ಕಾಫಿ ಪಿಕ್ಕಿಂಗ್ ನಡೆಯುತ್ತಿತ್ತು. ಎಸ್ಟೇಟಿನ ಸಾವುಕಾರರು ಹಣ್ಣು ಒಣಗಿಸುವ ಕಣದಲ್ಲಿ ನಿಂತಿದ್ದರು.

“ಸಾವ್ಕಾರ್ರೇ, ಆ ಬಿದ್ದ ಮರ ನಂಗೆ ಬೇಕಿತ್ತು. ದುಡ್ಡು ಕೊಟ್ಟೇ ತಗೊಳ್ತೀನಿ.”

“ಮನೆ ಕಟ್ತಿದ್ದೀರಾ?”

“ಇಲ್ಲ, ದೋಣಿಗೆ.”

ಅವರು ನಕ್ಕರು. “ಅದು ಮಗಳ ಮನೆ ಬಾಗಿಲಿಗೆ ಅಂತ ಇಟ್ಟಿದ್ದೀನಮ್ಮ.”

ಅಮ್ಮ ಮರುವಾರವೂ ಬಂದಳು, ಅದರ ಮರುವಾರವೂ. ವಾದ ಮಾಡುತ್ತಿರಲಿಲ್ಲ. ಕಣದ ಅಂಚಿನಲ್ಲಿ ಕೂತು, ಅವರು ಬಿಡುವಾದಾಗ ತಮ್ಮನ ಸಂಗತಿ ಸ್ವಲ್ಪ ಸ್ವಲ್ಪವೇ ಹೇಳುತ್ತಿದ್ದಳು. ನಾನು ನಾಚಿಕೆಯಿಂದ ತೋಟದೊಳಗೆ ತಪ್ಪಿಸಿಕೊಳ್ಳುತ್ತಿದ್ದೆ. ಕೊನೆಗೊಂದು ಬೆಳಿಗ್ಗೆ ಸಾವುಕಾರರೇ ನನ್ನನ್ನು ಕರೆದರು. “ನಿಮ್ಮಮ್ಮ ಬಿಡೋ ಹೆಂಗಸಲ್ಲ. ಬುಡದ ಕಡೆಯ ಉದ್ದ ದಿಮ್ಮಿ ಅವರಿಗೆ. ಬಾಗಿಲಿಗೆ ಮೇಲಿನ ತುಂಡು ಸಾಕು.”

ಮರ ಸಾಗಿಸುವ ಪರವಾನಗಿಗೆ ಓಡಾಡಿದ್ದೂ ಅಮ್ಮನೇ. ಅದು ಕೈಗೆ ಬಂದ ಖುಷಿಯಲ್ಲಿ ನಾವೊಂದು ದಡ್ಡತನ ಮಾಡಿದೆವು: ಹೊರಲು ಹಗುರವಾಗಲೆಂದು ದಿಮ್ಮಿಯನ್ನು ಇಲ್ಲೇ ಕೊಯ್ಯಿಸಿ ಪಿಕಪ್‌ಗೆ ಹೇರಿದೆವು. ಮಾಕುಟ್ಟದ ಚೆಕ್‌ಪೋಸ್ಟಿನಲ್ಲಿ ಗಾಡಿ ನಿಂತಿತು.

“ಪರ್ಮಿಟ್ ಇರೋದು ದಿಮ್ಮಿಗೆ. ಇದು ಹಲಗೆ. ಹೆಂಗೆ ಬಿಡೋದಮ್ಮ?”

ಅವರು ಹೇಳಿದ್ದು ಸರಿಯೇ ಇತ್ತು. ನನಗೆ ಅಳು ಬಂತು. ಇಷ್ಟಕ್ಕೆ ಮುಗಿಸೋಣ, ಮಾವ ಹೇಗೋ ಬದುಕಿಕೊಳ್ಳುತ್ತಾನೆ ಎಂದೆ. ಅಮ್ಮ ಗಾಡಿಯಿಂದ ಇಳಿದು, ಹಗ್ಗ ಸಡಿಲವಾಗಿದೆಯೇ ಎಂದು ಎಳೆದು ನೋಡಿ, ಮತ್ತೆ ಹತ್ತಿ ಕೂತಳು.

“ಅವನು ಬೇರೆಯವರ ದೋಣೀಲಿ ಕೂತ್ರೆ ಹುಟ್ಟು ಹಾಕ್ತಾನೆ, ಮೀನೂ ಹಿಡೀತಾನೆ. ಆದ್ರೆ ಮಾತಾಡೋದು ಬಿಟ್ಬಿಡ್ತಾನೆ. ನಂಗೊತ್ತು ಅವನು. ಗಾಡಿ ತಿರುಗಿಸೋಕೆ ಹೇಳು. ಸರಿಯಾದ್ದು ಮಾಡಿಸ್ಕೊಂಡು ಮತ್ತೆ ಬರೋಣ.”

ಹಾಗೆಯೇ ಹಲಗೆಗೆಂದೇ ಹೊಸ ಪರ್ಮಿಟ್ ಮಾಡಿಸಿಕೊಂಡು ಮತ್ತೆ ಹೋದೆವು. ಅದೇ ಚೆಕ್‌ಪೋಸ್ಟಿನವರು ಕಾಗದ ನೋಡಿ, ಹಲಗೆ ನೋಡಿ, ಗೇಟು ಎತ್ತಿದರು.

ಆಚಾರಿ ಹಲಗೆಗಳನ್ನು ಬೆಂಕಿಯ ಕಾವಿಗೆ ಹಿಡಿದು ಬಗ್ಗಿಸಿದ, ತೂತು ಕೊರೆದು ತೆಂಗಿನ ಹುರಿಯಿಂದ ಹೊಲಿದ, ಸಂದಿಗೆ ಹತ್ತಿ ತುರುಕಿ ಮೀನೆಣ್ಣೆ ಬಳಿದ. ಊರಿನವರೆಲ್ಲ ಸೇರಿ ನೀರಿಗೆ ತಳ್ಳಿದರು. ದೋಣಿ ತೇಲಿದ್ದೇನೋ ನಿಜ. ಸ್ವಲ್ಪ ಹೊತ್ತಿಗೆ ಹೊಲಿಗೆಯ ಉದ್ದಕ್ಕೂ ನೀರು ಜಿನುಗತೊಡಗಿತು. ಯಾರೋ ನಕ್ಕರು. ಮಾವನ ಮುಖ ಸಣ್ಣದಾಯಿತು.

“ಒಣಗಿದ ಮರ, ಕುಡಿಯೋದು ಬೇಡವಾ?” ಎಂದ ಆಚಾರಿ. “ಉಪ್ಪುನೀರು ಕುಡಿದು ಹಿಗ್ಗಲಿ.”

ಅಲ್ಲಿಯವರೆಗೆ ನೀರು ಮೊಗೆದು ಚೆಲ್ಲುವುದೊಂದೇ ದಾರಿ. ಮಾವ ಮೊಗೆದ, ಅತ್ತೆ ಮೊಗೆದಳು. ಅಮ್ಮ ಸೀರೆ ಎತ್ತಿಕಟ್ಟಿ ದೋಣಿಯೊಳಗಿಳಿದು ಇಬ್ಬರಿಗಿಂತ ಹೆಚ್ಚು ಮೊಗೆದಳು. ಎರಡು ದಿನ ಕಳೆಯುವಷ್ಟರಲ್ಲಿ ಜಿನುಗುವುದು ನಿಂತಿತು.

ಮಾವ ಈಗ ದಿನವೂ ಕಡಲಿಗೆ ಹೋಗುತ್ತಾನೆ. ಕೆಲವು ದಿನ ಬುಟ್ಟಿ ತುಂಬುತ್ತದೆ, ಕೆಲವು ದಿನ ಬರಿಗೈ. ಬರಿಗೈ ದಿನವೂ ಫೋನು ಮಾಡಿ ಅಕ್ಕನ ಕಿವಿ ತೂತಾಗುವಷ್ಟು ಮಾತಾಡುತ್ತಾನೆ. ಮೊನ್ನೆ ಅವನ ನೆರೆಯವನೊಬ್ಬ ತನ್ನ ಹಳೇ ದೋಣಿಗೂ ಹಲಗೆ ಸಿಕ್ಕೀತೇ ಎಂದು ಮಾವನ ಕೈಲಿ ಕೇಳಿಸಿದನಂತೆ. ಅಮ್ಮ ಫೋನಿಟ್ಟವಳೇ ನನ್ನನ್ನು ಕೇಳಿದಳು:

“ನಿಮ್ಮ ಪಕ್ಕದ ಎಸ್ಟೇಟಲ್ಲಿ ಯಾವ್ದಾದ್ರೂ ಮರ ಬಿದ್ದಿದ್ಯಾ?”