ಟವಲ್ ಹಾಕಿದ ಸೀಟು

ರಾವಂದೂರಿನ ನಮ್ಮ ಪಕ್ಕದ ಮನೆಯ ದೊಡ್ಡಪ್ಪ ಹುಣಸೂರು ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿಯುತ್ತಿದ್ದರು. ಮದುವೆ ಊಟದ ಪಂಕ್ತಿಯಲ್ಲೂ ಅಷ್ಟೇ. ಯಾರಾದರೂ ಕೂತರೆ, “ಟವಲ್ ಆಕಿವ್ನಿ, ಕಣ್ ಕಾಣಾಕಿಲ್ವಾ?” ಎನ್ನುತ್ತಿದ್ದರು.

ಒಮ್ಮೆ ಬೆಂಗಳೂರಿನಿಂದ ಮದ್ರಾಸಿಗೆ ವಿಮಾನ ಹತ್ತಿದರು. ಪರದೇಶಕ್ಕೆ ಹೋಗುವ ದೊಡ್ಡ ವಿಮಾನವನ್ನೇ ಆ ಮುಕ್ಕಾಲು ಗಂಟೆಯ ದಾರಿಗೂ ಬಿಟ್ಟಿದ್ದರು. ಒಳಗೆ ಓಡಾಡಲು ಎರಡು ಓಣಿ. ವಿಮಾನ ಮೇಲೇರಿದ ಕೂಡಲೇ ದೊಡ್ಡಪ್ಪ ಸೀಟಿಗೆ ಟವಲ್ ಹಾಸಿ, ಕೊನೆಯವರೆಗೂ ನೋಡಿಬರಲು ಹೊರಟರು. ವಾಪಸು ಬಂದದ್ದು ಮಾತ್ರ ಇನ್ನೊಂದು ಓಣಿಯಲ್ಲಿ. ಟವಲ್ ಎಲ್ಲೂ ಕಾಣಲಿಲ್ಲ. “ಟವಲ್ ಆಕಿವ್ನಿ ಕಣವ್ವಾ” ಎಂದು ಗಗನಸಖಿಯ ಮುಂದೆ ಗೋಗರೆಯುತ್ತಾ ಅದೇ ಓಣಿಯಲ್ಲಿ ಹಿಂದೆ ಮುಂದೆ ಸುತ್ತುವಷ್ಟರಲ್ಲಿ ಮದ್ರಾಸು ಬಂದೇಬಿಟ್ಟಿತು.

ಊರಿಗೆ ಬಂದಾಗ ಕೇಳಿದೆ: “ವಿಮಾನ ಎಂಗಿತ್ತು ದೊಡ್ಡಪ್ಪ?”

“ಟವಲ್ಲು ಕೂತ್ಕಂಡು ಓಯ್ತು ಕಣ್ಲಾ. ನಾನು ನಡ್ಕಂಡೇ ಓದೆ.”