ಎದುರು ಮಾತಿಲ್ಲದ ಮನೆ

ಕಾಸರಗೋಡು ಇನ್ನೂ ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಾಲ. ನನ್ನ ಅಮ್ಮನ ಅಮ್ಮನಿಗೆ ಆಗ ಎಂಬತ್ತೈದೋ ತೊಂಬತ್ತೋ. ಮನೆಯವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ನಾನು ಯಾವುದನ್ನೂ ನಂಬುವುದಿಲ್ಲ. ಪುತ್ತಿಗೆಯ ನಮ್ಮ ಮನೆಗೆ ಬಂದ ಡಾಕ್ಟರು ಅವಳ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಪಾದರಸ ಏರಿದ್ದು ನೋಡಿ, "ರಕ್ತದ ಒತ್ತಡ ಜಾಸ್ತಿ ಉಂಟು. ಉಪ್ಪು ಕೊಡಬೇಡಿ, ಎದುರು ಮಾತಾಡಬೇಡಿ" ಎಂದರು.

ಉಪ್ಪಿಲ್ಲದೆ ಅವಳು ಬದುಕುತ್ತಿದ್ದಳು. ಎದುರು ಮಾತಿಲ್ಲದೆ ಆಗಲಿಲ್ಲ.

ಜಗಳವಾಡಿಯೇ ಮನೆ ನಡೆಸಿದವಳಿಗೆ ಈಗ ಎಲ್ಲರೂ ಹೂಂಗುಟ್ಟತೊಡಗಿದರು. ಒಂದು ದಿನ "ಕಪ್ಪು ದನ ಕರು ಹಾಕಿತಾ?" ಎಂದಳು. ಆ ದನ ಸತ್ತು ವರ್ಷವಾಗಿತ್ತು. ಪರೀಕ್ಷಿಸಲು ಕೇಳಿದಳೋ ಮರೆತು ಕೇಳಿದಳೋ, ಗೊತ್ತಿಲ್ಲ. ಅವಳ ಮಗ, ನನ್ನ ಮಾವ, "ಹೌದಮ್ಮ, ಹೆಣ್ಣು ಕರು" ಎಂದರು. ಅಜ್ಜಿ ಅವರ ಮುಖವನ್ನೇ ನೋಡಿ ಗೋಡೆಯ ಕಡೆ ಹೊರಳಿದಳು.

ಆಮೇಲೆ ಊಟ ಬೇಡ, ಮಾತು ಬೇಡ. "ಪ್ರಾಯ ಆಯಿತಲ್ಲ" ಎಂದರು ಎಲ್ಲರೂ. ಪ್ರಾಯವಾದವರ ಮನಸ್ಸಿಗೂ ಕಾಯಿಲೆ ಬರಬಹುದೆಂದು ಯಾರಿಗೂ ಹೊಳೆಯಲಿಲ್ಲ.

ಮಳೆ ನಿಂತು, ಬೇಸಗೆಯ ನೀರಿಗಾಗಿ ತೋಡಿನ ಹರಿವಿಗೆ ಅಡ್ಡ ಕಲ್ಲುಮಣ್ಣಿನ ಕಟ್ಟ ಹಾಕುವ ಸಮಯ ಬಂತು. ಜಾಗ ತೋರಿಸುತ್ತಿದ್ದವಳು ಅಜ್ಜಿ. ಆ ವರ್ಷ ಅವಳನ್ನು ಯಾರೂ ಕೇಳಲಿಲ್ಲ. ನಾನು ಗಂಜಿ ಹಿಡಿದು ಒಳಗೆ ಹೋದೆ.

"ಅಜ್ಜಿ, ಈ ಸಲ ಕಟ್ಟ ತೋಡಿನ ದೊಡ್ಡ ಬಂಡೆಯಿಂದ ಕೆಳಗೆ. ಇಷ್ಟು ವರ್ಷ ನೀನು ತೋರಿಸಿದ ಜಾಗ ತಪ್ಪು."

ಅಜ್ಜಿ ಗೋಡೆಗೇ ಹೇಳಿದಂತೆ, "ಅಲ್ಲಿ ಬರೀ ಹೊಯಿಗೆ, ಸಡಿಲ ಮರಳು. ನೀರು ಅಡಿಯಿಂದ ಓಡುತ್ತದೆ. ತಲೆಯಲ್ಲಿ ಎಂತ ಉಂಟು ನಿನಗೆ?"

"ನಿನ್ನ ಕಾಲದ ಹೊಯಿಗೆ ಈಗ ಅಲ್ಲಿಲ್ಲ."

"ಹೊಯಿಗೆಗೆ ಎಂತ ಕಾಲ ಮಾರಾಯ್ತಿ?" ಅವಳು ಎದ್ದು ಕೂತಳು. ಕತ್ತಿನ ನರ ಉಬ್ಬಿತ್ತು. ಆದರೂ ನಾನು ವಾದ ನಿಲ್ಲಿಸಲಿಲ್ಲ.

ಮಾವ ಓಡಿ ಬಂದು, "ಅಮ್ಮನನ್ನು ಕೊಲ್ಲುತ್ತೀಯಾ?" ಎಂದರು.

"ಸಾಯುವುದು ನಾನು. ನಿನಗೆಂತ ಅವಸರ?" ಎಂದಳು ಅಜ್ಜಿ.

ಜಗಳದ ನಡುವೆ ಗಂಜಿ ಮುಗಿಯಿತು. ಇಷ್ಟು ಅಚ್ಚುಕಟ್ಟಾಗಿ ನಡೆದಿರಲಿಕ್ಕಿಲ್ಲ. ನಾಲ್ಕೈದು ದಿನದ ಜಗಳಗಳನ್ನು ನೆನಪು ಒಂದೇ ಮಾಡಿರಬೇಕು. ಗಂಜಿ ಮುಗಿದದ್ದು ಮಾತ್ರ ನಿಜ.

ಮುಂದಿನ ವರ್ಷ ಅವಳು ತೀರಿಕೊಂಡಳು, ಒತ್ತಡದಿಂದಲೇ. ನಾನೇ ಕಾರಣವೆಂದು ಮಾವ ಕೊನೆತನಕ ಹೇಳಿದರು. ಇರಬಹುದು. ಆ ಒಂದು ವರ್ಷ ನಾನು ದಿನವೂ ಅವಳಿಗೆ ಎದುರು ಮಾತಾಡಿದೆ, ಹೆಚ್ಚಿನ ದಿನ ಸೋತೆ.