ದೋಣಿಯೊಳಗಿನ ‘ಹ್ವಾಯ್’

ಕುಡಿದಿದ್ದೆಯಾ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಆ ದಿನ ನನ್ನ ಹೊಟ್ಟೆಯಲ್ಲಿ ಇದ್ದದ್ದು ಗೆಳೆಯ ಗಣಪನ ಅಮ್ಮ ಮಧ್ಯಾಹ್ನ ಬಡಿಸಿದ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಮಾತ್ರ. ಇದು ನನಗೇ ಆದದ್ದು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಮೊಬೈಲು ಇನ್ನೂ ಎಲ್ಲರ ಕಿಸೆಗೆ ಬಂದಿರದ ಕಾಲ. ಮುಂಬೈ ಕ್ಯಾಂಟೀನಿನಲ್ಲಿ ಎಂಟು ವರ್ಷ ಬೆಂದು ಊರಿಗೆ ಬಂದಿದ್ದೆ. ನನ್ನದು ಬೈಂದೂರು ಹತ್ತಿರದ ಯಡ್ತರೆ. ಹಳೆಯ ಹಾಯಿ ದೋಣಿ ಒಂದು ಸಿಕ್ಕಿದರೆ ಬರುವ ಟೂರಿಸ್ಟ್‌ಗಳನ್ನು ಹೊಳೆಯಲ್ಲಿ ತಿರುಗಿಸಿಕೊಂಡು ಊರಲ್ಲೇ ಇರಬಹುದು ಅನ್ನುವುದು ನನ್ನ ಆಸೆ. ದೋಣಿ ಸಿಗದಿದ್ದರೆ ಮತ್ತೆ ಅದೇ ಕ್ಯಾಂಟೀನು, ಅದೇ ಎಂಜಲು ತಟ್ಟೆ.

ಗಣಪ ಹಂಗಾರಕಟ್ಟೆಯವ. ಮುಂಬೈಯಲ್ಲಿ ಆರು ವರ್ಷ ಒಂದೇ ಚಾಪೆಯಲ್ಲಿ ಮಲಗಿದ್ದೆವು. ನನಗೆ ಜ್ವರ ಬಂದಾಗ ನನ್ನ ಪಾಳಿಯನ್ನೂ ಸೇರಿಸಿ ದುಡಿದವ. ನನಗಿಂತ ಎರಡು ವರ್ಷ ಮೊದಲು ಊರಿಗೆ ಬಂದಿದ್ದ. “ನಮ್ಮನಿ ದೋಣಿಯೇ ಇತ್ತಲೆ ಮಾರಾಯ, ಬಂದ್ ಕಾಣ್” ಅಂತ ಹೇಳಿ ಕಳಿಸಿದ. ಹಾರಿಕೊಂಡು ಹೋದೆ.

ದೋಣಿ ಇಳಿತಕ್ಕೆ ಕೆಸರಿನ ಮೇಲೆ ವಾಲಿಕೊಂಡಿತ್ತು. ಹಿಂದೆ ಗುಲ್ವಾಡಿ ಕಡೆಯಿಂದ ಹಂಚು ಹೊತ್ತ ದೋಣಿಯಂತೆ. ಹಾಯಿಕಂಬ ಗಟ್ಟಿ ಇತ್ತು, ಚುಕ್ಕಾಣಿ ಸಡಿಲ. ಮರದ ಸುತ್ತಿಗೆ ಹಿಡಿದು ಒಂದೊಂದೇ ಹಲಗೆ ಬಡಿದು ನೋಡಿದೆ. ಒಳ್ಳೆಯ ಮರವಾದರೆ ‘ಟಣ್’ ಅನ್ನುತ್ತದೆ, ಲಡ್ಡು ಹಿಡಿದು ಕೊಳೆತದ್ದು ‘ಬೊದ್’ ಅನ್ನುತ್ತದೆ. ಎಲ್ಲವೂ ಟಣ್ ಅಂದವು. ಮುಂದಿನ ತುದಿಯಲ್ಲಿ, ಒಬ್ಬ ಮಲಗುವಷ್ಟು ಜಾಗಕ್ಕೆ ಮೇಲಿನಿಂದ ಹಲಗೆ ಮುಚ್ಚಿದ್ದರು. ಅಲ್ಲಿ ಹೊರಮೈಯಲ್ಲಿ ಎರಡು ಹಲಗೆ ಮಾತ್ರ ಹೊಸತು.

“ಇದೆಂತ?” ಅಂದೆ.

“ಕಲ್ಲಿಗೆ ತಾಗಿತ್ತ್” ಅಂದ ಗಣಪ. ನನ್ನ ಮುಖ ನೋಡಿ ಹೇಳಲಿಲ್ಲ. ಆಗ ನನಗೆ ಅದು ಹೊಳೆಯಲಿಲ್ಲ, ಪೆದ್ದು ನಾನು.

ಹಳೆ ದೋಣಿಯನ್ನು ಕೆಸರಿನ ಮೇಲೆ ನೋಡಿ ಯಾರೂ ಕೊಳ್ಳುವುದಿಲ್ಲ. ಒಂದು ಉಬ್ಬರದಲ್ಲಿ ತೇಲಲು ಬಿಟ್ಟು, ಒಳಗೆ ಕೂತು, ಎಲ್ಲಿ ನೀರು ಜಿನುಗುತ್ತದೆ ನೋಡಬೇಕು. ಆ ದಿನ ಉಬ್ಬರ ತುಂಬುವುದು ರಾತ್ರಿ ಒಂಬತ್ತರ ಹೊತ್ತಿಗೆ.

“ನೀನ್ ಒಳ್ಗ್ ಕೂಕೊ, ನಾನ್ ದಡದಗೆ ಹಗ್ಗ ಹಿಡ್ಕಂಡಿರ್ತೆ” ಅಂದ ಗಣಪ.

“ನೀನೂ ಬಾರಾ.”

“ಇಬ್ರ್ ಕೂತ್ರೆ ಭಾರಕ್ಕೆ ಸರಿ ಗೊತ್ತಾತಿಲ್ಲೆ.”

ಸರಿ ಅನಿಸಿತು. ಟಾರ್ಚು ಹಿಡಿದು ಒಬ್ಬನೇ ಹತ್ತಿದೆ.

ನೀರು ಏರಿತು. ದೋಣಿ ಕೆಸರಿನಿಂದ ಮೆಲ್ಲಗೆ ಎದ್ದು ನಿಂತಿತು. ಗೇರೆಣ್ಣೆ ಬಳಿದ ಮರದ ಘಾಟು, ಕೊಳೆತ ಹಗ್ಗದ ವಾಸನೆ... ಹಲಗೆಯ ಸಂದಿಗಳಿಗೆಲ್ಲ ಕೈ ಆಡಿಸಿದೆ. ಒಂದು ಹನಿ ನೀರಿಲ್ಲ. ನನ್ನ ಖುಷಿಗೆ ಪಾರವೇ ಇರಲಿಲ್ಲ. ಇನ್ನು ಮುಂಬೈ ಇಲ್ಲ ಅಂದುಕೊಂಡು, ಅದೇ ಹುಮ್ಮಸ್ಸಿನಲ್ಲಿ ಮುಂದಿನ ಹೊಸ ಹಲಗೆಗೆ ಒಳಗಿನಿಂದ ಸುತ್ತಿಗೆಯಲ್ಲಿ ಬಡಿದೆ. ಟಣ್, ಟಣ್.

ಹೊರಗಿನಿಂದ ಯಾರೋ ಬಡಿದರು. ಟಣ್... ಟಣ್.

ಮರದ ತುಂಡೇನೋ ತೇಲಿ ಬಂದು ತಾಗಿರಬೇಕು ಅಂದುಕೊಂಡೆ. ಇನ್ನೊಮ್ಮೆ ಬಡಿದೆ, ಮೂರು ಸಲ. ಸ್ವಲ್ಪ ಹೊತ್ತು ಬಿಟ್ಟು ಮೂರು ಸಲ ಬಂತು.

ಆಮೇಲೆ ಕರೆಯಿತು.

“ಹ್ವಾಯ್...”

ಇಲ್ಲೊಂದು ಮಾತು ಹೇಳಬೇಕು. ರಾತ್ರಿ ಹೊತ್ತು ಹೆಸರು ಹಿಡಿದು ಒಂದೇ ಸಲ ಕರೆದರೆ ಓಗೊಡಬಾರದು ಅಂತ ನಮ್ಮ ಅಜ್ಜಿ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಳು. ಆದರೆ ‘ಹ್ವಾಯ್’ ಯಾರ ಹೆಸರೂ ಅಲ್ಲ. ನಮ್ಮ ಕಡೆ ಗಂಡ ಹೆಂಡತಿಯನ್ನು, ಗಿರಾಕಿ ಅಂಗಡಿಯವನನ್ನು, ಕಂಡಕ್ಟರ್ ಪ್ಯಾಸೆಂಜರನ್ನು ಕರೆಯುವುದೇ ಹಾಗೆ. ಯಾರನ್ನು ಬೇಕಾದರೂ ಕರೆಯಬಹುದು, ಯಾರು ಬೇಕಾದರೂ ಉತ್ತರ ಕೊಡಬಹುದು. ಗಣಪ ದಡದಿಂದ ಕರೆದ ಅಂತಲೇ ನಾನು ತಿಳಿದೆ.

“ಓ! ಇಲ್ಲೇ ಇದ್ದೆ” ಅಂದೆ.

ಹಲಗೆಗೆ ಬಡಿಯುತ್ತಿದ್ದ ನೀರಿನ ಸದ್ದು ನಿಂತೇಹೋಯಿತು. ಗೇರೆಣ್ಣೆಯ ಘಾಟು ಮಾಯವಾಗಿ, ನೀರಲ್ಲಿ ಬಹಳ ಹೊತ್ತು ನೆನೆದ ತಲೆಕೂದಲಿನ ವಾಸನೆ ಬಂತು. ಬಲು ಹತ್ತಿರದಿಂದ...

ಟಾರ್ಚನ್ನು ದಡದ ಕಡೆ ತಿರುಗಿಸಿದೆ. ಗಣಪ ಎದ್ದು ನಿಂತಿದ್ದ. ಹಗ್ಗ ಅವನ ಕೈಯಲ್ಲಿ ಇರಲಿಲ್ಲ, ಗೂಟಕ್ಕೆ ಕಟ್ಟಿತ್ತು. ಎರಡೂ ಕೈ ಜೋಡಿಸಿ ಮುಗಿಯುತ್ತಿದ್ದ, ನನಗಲ್ಲ, ದೋಣಿಯ ಮುಂದಿನ ತುದಿಗೆ. ಆಮೇಲೆ ಬೆನ್ನು ತಿರುಗಿಸಿ ನಡೆದೇಬಿಟ್ಟ.

“ಗಣಪಾ! ಎಲ್ಲಿಗ್ ಹೋತ್ಯಾ?” ಅಂತ ಕೂಗಿದೆ. ಅವನು ಓಡಿದ.

ಹಗ್ಗ ಎಳೆದೆಳೆದು ದಡ ಮುಟ್ಟಿಸಿ ಹಾರಿದೆ. ಒಬ್ಬ ಇಳಿದ ಕೂಡಲೇ ಭಾರ ಕಳೆದು ದೋಣಿ ಸ್ವಲ್ಪ ಮೇಲೆ ಏಳುತ್ತದೆ, ದೋಣಿ ಹತ್ತಿದವರಿಗೆಲ್ಲ ಗೊತ್ತು. ನಾನು ಇಳಿದಾಗಲೂ ಎದ್ದಿತು. ಕೆಸರಿನಲ್ಲಿ ಎರಡು ಹೆಜ್ಜೆ ಇಟ್ಟು ತಿರುಗಿ ನೋಡಿದೆ.

ದೋಣಿ ಇನ್ನೊಮ್ಮೆ ಎದ್ದಿತು.

ಆ ರಾತ್ರಿ ದೀಪ ಉರಿಯುತ್ತಿದ್ದ ಹೋಟೆಲೊಂದರ ಜಗಲಿಯಲ್ಲಿ ಕೂತು ಕಳೆದೆ. ಬೆಳಿಗ್ಗೆ ಸಿಟ್ಟಿನಲ್ಲಿ ಗಣಪನ ಮನೆಗೆ ಹೋದರೆ, ಅಂಗಳ ಗುಡಿಸುತ್ತಿದ್ದ ಅವನಮ್ಮ ನನ್ನನ್ನು ನೋಡಿ ಹಿಡಿಸೂಡಿ ಕೆಳಗೆ ಹಾಕಿದಳು.

“ನೀನ್ ನಿನ್ನೆ ಸಂಜಿ ಬಸ್ಸಿಗ್ ಹೋಯ್ಲಿಲ್ಯಾ ಮಗಾ? ಹೋದೆ ಅಂದಿದ್ನಲೆ ಅವ!”

ನಾನು ದೋಣಿಯಲ್ಲಿದ್ದೆ ಅಂದೆ. ಆಕೆ ಹತ್ತಿರ ಬಂದು ನನ್ನ ಕೈ ಹಿಡಿದು, ದನಿ ತಗ್ಗಿಸಿ ಕೇಳಿದಳು, “ಕರ್ದದ್ಕೆ... ನೀ ಓ ಅಂದ್ಯಾ?”

ಹೌದು ಅಂತ ತಲೆ ಆಡಿಸಿದೆ. ಆಕೆ ಅಲ್ಲೇ ಕುಸಿದು ಕೂತಳು. ಅಳುತ್ತಲೇ ಎಲ್ಲ ಹೇಳಿದಳು. ಗಣಪ ಊರಿಗೆ ಬಂದ ವರ್ಷ ಅಳಿವೆಯಲ್ಲಿ ದೋಣಿ ಮಗುಚಿತ್ತಂತೆ. ಅವನ ತಮ್ಮ ಶೀನ ಆ ಮುಚ್ಚಿದ ಜಾಗದಲ್ಲಿ ಮಲಗಿದ್ದವ ಒಳಗೇ ಸಿಕ್ಕಿಬಿದ್ದ. ಗಣಪ ಮಗುಚಿದ ದೋಣಿಯನ್ನು ಹಿಡಿದು ನೇತಾಡುತ್ತಿದ್ದಾಗ, ಶೀನ ಒಳಗಿನಿಂದ ಹಲಗೆ ಬಡಿದು ಬಡಿದು “ಹ್ವಾಯ್, ಹ್ವಾಯ್” ಅಂತ ಕರೆದನಂತೆ. ಗಣಪ ಓಗೊಡಲಿಲ್ಲ. ಈಜಿ ದಡ ಸೇರಿಕೊಂಡ. ಆಮೇಲೆ ಎರಡು ಹಲಗೆ ಕಡಿದು ಹೆಣ ತೆಗೆದರು. ಅಂದಿನಿಂದ ಪ್ರತಿ ಉಬ್ಬರಕ್ಕೂ ಅದೇ ದನಿ ಗಣಪನನ್ನು ಕರೆಯುತ್ತಿತ್ತಂತೆ. ಯಾರಾದರೂ ಒಬ್ಬರು ಓಗೊಟ್ಟರೆ ಅವರ ಹಿಂದೆ ಹೋಗುತ್ತದೆ ಅಂತ ಯಾರೋ ಗಣಪನಿಗೆ ಹೇಳಿದ್ದರು.

ಅಷ್ಟರಲ್ಲಿ ಗಣಪ ಒಳಗಿನಿಂದ ಬಂದ. ಆಗಷ್ಟೇ ಎದ್ದಿದ್ದ, ಕೆನ್ನೆಯ ಮೇಲೆ ಚಾಪೆಯ ಗೆರೆ ಮೂಡಿತ್ತು.

“ನಾನೇ ಸಿಕ್ದೆನಾ ನಿಂಗೆ?” ಅಂದೆ.

ಅವನು ತಲೆ ಎತ್ತಲಿಲ್ಲ. “ಎರಡ್ ವರ್ಷ ಆಯ್ತ್ ಮಾರಾಯ, ನಾನ್ ನಿದ್ರಿ ಮಾಡ್ದೆ” ಅಂದ. “ನಿನ್ನೆ ನಿದ್ರಿ ಬಂತ್.”

ಹೊಡೆಯಬೇಕು ಅನಿಸಿತು. ಕೈ ಬರಲಿಲ್ಲ. ನನ್ನ ಪಾಳಿಯನ್ನೂ ದುಡಿದವನು ಅಲ್ಲವೇ... ಈಗ ತನ್ನ ಪಾಳಿಯನ್ನು ನನಗೆ ಒಪ್ಪಿಸಿದ.

ದೋಣಿ ಕೊಳ್ಳಲಿಲ್ಲ. ಮುಂಬೈಗೂ ಹೋಗಲಿಲ್ಲ, ಮುಂಬೈಯಲ್ಲೂ ಸಮುದ್ರ ಇದೆಯಲ್ಲ. ಯಡ್ತರೆಯಲ್ಲಿ ಚಿಕ್ಕದೊಂದು ಅಂಗಡಿ ಇಟ್ಟಿದ್ದೇನೆ. ನಮ್ಮ ಮನೆಯಿಂದ ನೀರು ಕಾಣುವುದಿಲ್ಲ, ಆದರೂ ಉಬ್ಬರ ಯಾವಾಗ ತುಂಬಿತು ಅಂತ ನನಗೆ ಗೊತ್ತಾಗುತ್ತದೆ. ಬಾಗಿಲಿಗೆ ಎರಡು ಸಲ ಬಡಿದು, ಆಮೇಲೆ ಕರೆಯುತ್ತದೆ. ನಾನು ಬಾಯಿಗೆ ಬಟ್ಟೆ ಒತ್ತಿಕೊಂಡು ಮಲಗಿರುತ್ತೇನೆ. ನಿದ್ರೆ ಅಂತ ಮಾಡಿ ಎಷ್ಟು ವರ್ಷವಾಯಿತೋ.

ಮೊನ್ನೆ ನಮ್ಮ ಕ್ಯಾಂಟೀನಿನ ಹಳೆಯ ಗೆಳೆಯ ಸದಾಶಿವ ಹುಡುಕಿಕೊಂಡು ಬಂದಿದ್ದ. ಮಾತಾಡುತ್ತಾ ಸಂಜೆಯಾಯಿತು. “ಇವತ್ತ್ ಇಲ್ಲೇ ಉಳ್ಕೊ, ಜಗಲಿ ಮೇಲೆ ಮಲ್ಕೊ, ಗಾಳಿ ಲಾಯ್ಕ್ ಬತ್ತ್” ಅಂತ ಬಾಯಿಂದ ಬಂದೇಬಿಟ್ಟಿತು. ಅವನು ಖುಷಿಯಿಂದ ಆಯ್ತು ಅಂದ.

ಆ ದಿನ ಉಬ್ಬರ ಒಂಬತ್ತಕ್ಕಿತ್ತು. ನನಗದು ಗೊತ್ತಿತ್ತು.

ಅವನ ಬ್ಯಾಗನ್ನು ನಾನೇ ಹೊತ್ತು ತಂದು, ಎಂಟರ ಬಸ್ಸಿಗೆ ದೂಡಿ ಹತ್ತಿಸಿದೆ. ಮನೆಗೆ ಬಂದವನನ್ನು ಹೀಗೆ ಓಡಿಸುತ್ತೀಯಲ್ಲ ಅಂತ ಬಹಳ ಬೇಜಾರು ಮಾಡಿಕೊಂಡು ಹೋದ. ಇನ್ನು ಅವನು ಬರಲಿಕ್ಕಿಲ್ಲ.

ನಾನು ಮನೆಗೆ ಬಂದು ಬಾಗಿಲು ಹಾಕಿಕೊಂಡೆ.